ಷಡ್ಡಕನ ಮೂಗು

ಭಾನುವಾರದ ಊಟಕ್ಕೆ ಮನೆಯವರೆಲ್ಲ ಸೇರಿದ್ದರು. ಮಾವ ಹೊಸ ಬಾಟಲಿಯ ಬಿರಡೆ ಎಳೆದು, ಗ್ಲಾಸಿಗೆ ಒಂದು ಗುಟುಕಿನಷ್ಟು ಕೆಂಪು ವೈನು ಬಗ್ಗಿಸಿ, ಅದನ್ನು ಚಿಕ್ಕಳಿಯನ ಮುಂದಿಟ್ಟರು. ದೊಡ್ಡಳಿಯನ ಕೈ ಆಗಲೇ ಅರ್ಧ ಮೇಜು ದಾಟಿ ಹೋಗಿತ್ತು. ಅದನ್ನು ಬರಿದಾಗಿ ಹಿಂದಕ್ಕೆ ತರಲಾರದೆ ಉಪ್ಪಿನ ಬಟ್ಟಲು ಎತ್ತಿಕೊಂಡ. ಉಪ್ಪು ಬೇಕಿರಲಿಲ್ಲ. ಆದರೂ ಹಾಕಿಕೊಂಡ. ಹಾಕಿಕೊಂಡ ತಪ್ಪಿಗೆ ಆ ಉಪ್ಪುಪ್ಪು ತುತ್ತುಗಳನ್ನು ಒಂದೂ ಬಿಡದೆ ನುಂಗಿದ.

ಆ ಮನೆಗೆ ಅಳಿಯನಾಗಿ ಬಂದ ದಿನದಿಂದ ಮೊದಲ ಗ್ಲಾಸು ಅವನದಾಗಿತ್ತು. ಮಾವನ ಸಂಸ್ಥೆ ಅಂದರೆ ಸಾಮಾನ್ಯದ್ದಲ್ಲ. ಚಿಲಿ, ಇಟಲಿ, ಪೋರ್ಚುಗಲ್, ಜಾರ್ಜಿಯಾ, ದಕ್ಷಿಣ ಆಫ್ರಿಕ, ಎಲ್ಲಿ ದ್ರಾಕ್ಷಿ ಬೆಳೆದು ಕೆಂಪು ವೈನು ಮಾಡುತ್ತಾರೋ ಅಲ್ಲಿಂದೆಲ್ಲ ಬಾಟಲಿಗಳು ಬರುತ್ತಿದ್ದವು. ಅವುಗಳನ್ನು ಮೂಸಿ, ಬಾಯಲ್ಲಿ ಹೊರಳಿಸಿ, ಉಗಿದು, ಅಂಕ ಕೊಡುವುದು ಇವರ ಕೆಲಸ. ಇವರು ಕೊಟ್ಟ ಅಂಕ ನೋಡಿಕೊಂಡೇ ಹೋಟೆಲುಗಳು ಬಾಟಲಿ ತರಿಸುತ್ತಿದ್ದವು. ಸಂಸ್ಥೆಯ ಹಿಂದುಗಡೆ ಒಂದು ಪುಟ್ಟ ಶಾಲೆಯೂ ಇತ್ತು. ಅಲ್ಲಿ ದೊಡ್ಡಳಿಯ ಪಾಠ ಹೇಳುತ್ತಿದ್ದ.

ಚಿಕ್ಕಳಿಯ, ಅಂದರೆ ಅವನ ಷಡ್ಡಕ, ಅಲ್ಲಿಯೇ ಕಲಿತವನು. ದೊಡ್ಡಳಿಯನ ನಾದಿನಿಯನ್ನು ಮದುವೆಯಾಗಿ ಬಂದಾಗ ಪಿಟೀಲು ಮೇಷ್ಟ್ರಾಗಿದ್ದ. ಕೆಂಪು ವೈನು ಅಂದರೆ ಎಲ್ಲ ಒಂದೇ ಕೆಂಪು ಎಂದುಕೊಂಡಿದ್ದ. ಒಗರು ಯಾವುದು, ಹುಳಿ ಯಾವುದು, ಮರದ ಪೀಪಾಯಿಯ ಘಮ ಯಾವುದು ಎಂದು ಅವನ ಮೂಗು ಹಿಡಿದು ಕಲಿಸಿದವನು ದೊಡ್ಡಳಿಯನೇ. ಈಗ ಅದೇ ಮೂಗು ಗ್ಲಾಸಿನೊಳಗೆ ಇಳಿದಿತ್ತು.

"ಮಾವ, ಇದಕ್ಕೆ ಸ್ವಲ್ಪ ಅವಸರ ಜಾಸ್ತಿ," ಎಂದ ಚಿಕ್ಕಳಿಯ. "ಮದುವೆ ಮನೇಲಿ ಎಲ್ಲರಿಗಿಂತ ಮೊದಲು ಊಟಕ್ಕೆ ಕೂತವನ ಥರ. ಇನ್ನೊಂದೆರಡು ವರ್ಷ ಸುಮ್ನೆ ಮಲಗಿಸಿದ್ರೆ ಬುದ್ಧಿ ಬರ್ತಿತ್ತು."

ಎಲ್ಲರೂ ನಕ್ಕರು. ದೊಡ್ಡಳಿಯನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವನಾಗಿದ್ದರೆ ಹುಳಿಯ ಅಳತೆ, ಒಗರಿನ ಅಳತೆ, ಪೀಪಾಯಿಯಲ್ಲಿ ಕಳೆದ ಕಾಲ ಎಲ್ಲವನ್ನೂ ಕರಾರುವಾಕ್ಕಾಗಿ ಹೇಳುತ್ತಿದ್ದ. ಕರಾರುವಾಕ್ಕಾದದ್ದನ್ನು ಕೇಳಿ ಈ ಮನೆಯಲ್ಲಿ ಯಾರೂ ಎಂದೂ ನಕ್ಕಿರಲಿಲ್ಲ.

ಮಾವ ಬಾಯಿ ಒರೆಸಿಕೊಂಡರು. "ಈ ಸಲದ ವೈನು ಸ್ಪರ್ಧೆಗೆ ನಾನು ಕೂರಲ್ಲ. ವಯಸ್ಸಾಯ್ತು, ನಾಲಿಗೆಗೆ ಮರೆವು ಬಂದಿದೆ. ನಡುವಿನ ಕುರ್ಚೀಲಿ ಮುಖ್ಯ ಪರೀಕ್ಷಕನಾಗಿ ಚಿಕ್ಕವನು ಕೂರಲಿ. ಚೆನ್ನಾಗಿ ನಡೆಸಿದ್ರೆ ಸಂಸ್ಥೇನೂ ಅವನೇ ನೋಡ್ಕೊಳ್ಲಿ." ಆಮೇಲೆ ಏನೋ ನೆನಪಾದವರಂತೆ ಈ ಕಡೆ ತಿರುಗಿದರು. "ನಿನ್ನ ಬಗ್ಗೆ ನನಗೆ ಚಿಂತೆ ಇಲ್ಲಪ್ಪಾ. ಸಭಾಂಗಣ, ಮೇಜು, ಗ್ಲಾಸು, ಬಂದವರ ಉಪಚಾರ, ಎಲ್ಲ ನೀನು ನೋಡ್ಕೋತೀಯ. ನೀನಿದ್ರೆ ನಾನು ಆ ಕಡೆ ತಿರುಗಿ ನೋಡೋದೇ ಬೇಡ."

"ಭಾವ, ನೀವು ನನ್ನ ಹಿಂದೇನೇ ನಿಂತಿರಬೇಕು," ಎಂದ ಚಿಕ್ಕಳಿಯ. "ನೀವಿದ್ರೆ ಧೈರ್ಯ."

"ಆಗಲಿ," ಎಂದ ದೊಡ್ಡಳಿಯ. ಹಿಂದೆ ನಿಲ್ಲುವುದು ಎಷ್ಟು ಅನುಕೂಲದ ಜಾಗವೆಂದು ಅವನಿಗೆ ಆಗ ಹೊಳೆದಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿ, "ಪಾಪ, ಅವನು ಒಳ್ಳೇವನು ಕಣ್ರೀ," ಎಂದಳು. ಕೆಟ್ಟವನಾಗಿದ್ದರೆ ಹೇಗೋ ಸಹಿಸಬಹುದಿತ್ತು. ಕೆಟ್ಟವನನ್ನು ಬೈಯಬಹುದು, ನಾಲ್ಕು ಜನ ಹೌದು ಹೌದು ಎನ್ನುತ್ತಾರೆ. ಒಳ್ಳೆಯವನ ಮೇಲೆ ಹುಟ್ಟಿದ ಹೊಟ್ಟೆಕಿಚ್ಚನ್ನು ಯಾರಿಗೂ ತೋರಿಸುವಂತಿಲ್ಲ. ಒಳಗೇ ಬೇಯಿಸಿಕೊಳ್ಳಬೇಕು.

ಅವನು ಬೇಯಿಸಿಕೊಂಡ. ಪತ್ರಿಕೆಯವರು ಬಂದಾಗಲೆಲ್ಲ ಷಡ್ಡಕ "ನನಗೆ ಮೂಗು ಕೊಟ್ಟಿದ್ದು ನಮ್ಮ ಭಾವ" ಎಂದು ಹೇಳುವುದು ನೆನಪಾಯಿತು. ಒಂದೇ ವಾಕ್ಯದಲ್ಲಿ ಉಪಕಾರ ತೀರಿಸಿಬಿಡುತ್ತಿದ್ದ. ಹೋಟೆಲಿನ ಬಾಣಸಿಗರು ಫೋನು ಮಾಡಿ "ಚಿಕ್ಕವರು ಇದ್ದಾರಾ?" ಎಂದು ಕೇಳುವುದು, ಇಲ್ಲವೆಂದರೆ "ಪರವಾಗಿಲ್ಲ, ಆಮೇಲೆ ಮಾಡ್ತೀವಿ" ಎಂದು ಇಟ್ಟುಬಿಡುವುದು ನೆನಪಾಯಿತು. ಸ್ವಂತ ಮಗಳು ತನ್ನ ಮದುವೆಗೆ ವೈನು ಆರಿಸಲು ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿದ್ದು ನೆನಪಾಯಿತು. ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಈರುಳ್ಳಿ. ದೊಡ್ಡಳಿಯ ಈ ಕಸುಬಿಗಾಗಿ ಕಾಫಿ ಬಿಟ್ಟಿದ್ದ, ಖಾರ ಬಿಟ್ಟಿದ್ದ, ಬೆಳ್ಳುಳ್ಳಿ ಬಿಟ್ಟಿದ್ದ, ಘಮಘಮಿಸುವ ಸಾಬೂನು ಬಿಟ್ಟಿದ್ದ. ಸನ್ಯಾಸಿಯೂ ಇಷ್ಟು ಬಿಟ್ಟಿರಲಾರ. ಆ ಇನ್ನೊಬ್ಬನೋ, ಮಧ್ಯಾಹ್ನ ಹಸಿ ಈರುಳ್ಳಿ ಕಚಕಚನೆ ಅಗಿದು, ಮೇಲೊಂದು ಲೋಟ ಕಾಫಿ ಹೀರಿ, ಮೂರು ಗಂಟೆಗೆ ಬಂದು ಕೂತು ಹತ್ತಕ್ಕೆ ಹತ್ತು ವೈನು ಸರಿಯಾಗಿ ಗುರುತಿಸುತ್ತಿದ್ದ. ಇದಕ್ಕೆ ನ್ಯಾಯವೆಂದು ಹೆಸರಿಡಲು ಯಾವ ಭಾಷೆಯಲ್ಲಿಯೂ ಸಾಧ್ಯವಿರಲಿಲ್ಲ.

ಯೋಚನೆ ಬಂದದ್ದು ಪಾಠದ ಕೋಣೆಯ ಕಪಾಟು ಒರೆಸುವಾಗ. ಅಲ್ಲಿ ಕೆಟ್ಟ ವೈನು ಹೇಗಿರುತ್ತದೆಂದು ಕಲಿಸಲು ಇಟ್ಟ ಪುಟ್ಟ ಪುಟ್ಟ ಸೀಸೆಗಳಿದ್ದವು. ಒಂದರಲ್ಲಿ ವಿನೆಗರಿನ ಹುಳಿ, ಒಂದರಲ್ಲಿ ಕೊಳೆತ ಮೊಟ್ಟೆ, ಕೊನೆಯ ಕಂದು ಸೀಸೆಯಲ್ಲಿ ಮುಗ್ಗಲು. ಬಿರಡೆಗೆ ಬೂಷ್ಟು ಹಿಡಿದಾಗ ವೈನಿಗೆ ಇಳಿಯುವ ವಾಸನೆ ಅದು. ಮಳೆಯಲ್ಲಿ ನೆಂದ ರಟ್ಟಿನ ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟು ತೆರೆದರೆ ಬರುವಂಥದ್ದು. ಈ ಮುಗ್ಗಲಿಗೆ ಒಂದು ವಿಚಿತ್ರ ಗುಣವುಂಟು. ಜಾಸ್ತಿಯಾದರೆ ನಾರುತ್ತದೆ, ಯಾರಿಗಾದರೂ ತಿಳಿಯುತ್ತದೆ. ತೀರಾ ಕಡಿಮೆಯಿದ್ದರೆ ವಾಸನೆಯೇ ಇರುವುದಿಲ್ಲ. ಆದರೆ ಕಳ್ಳನ ಹಾಗೆ ಒಳಗೆ ನುಗ್ಗಿ ಬೇರೆ ಎಲ್ಲ ಘಮಗಳ ದೀಪ ಆರಿಸಿಬಿಡುತ್ತದೆ. ಚೆರ್ರಿಹಣ್ಣು ಹೋಗುತ್ತದೆ, ಮೆಣಸು ಹೋಗುತ್ತದೆ, ಹೊಗೆ ಹೋಗುತ್ತದೆ. ಉಳಿಯುವುದು ಕೆಂಪು ಬಣ್ಣದ ನೀರು.

ಷಡ್ಡಕನನ್ನು ಕೆಡವಲು ಇದನ್ನು ವೈನಿಗೇ ಬೆರೆಸುವುದು ದಡ್ಡರ ಕೆಲಸ. ಒಂದೇ ಬಾಟಲಿಯಿಂದ ಎಲ್ಲ ಪರೀಕ್ಷಕರಿಗೂ ಬಗ್ಗಿಸುತ್ತಾರೆ. ಗ್ಲಾಸಿಗೆ ಸವರುವುದೂ ಅಪಾಯ. ಪಕ್ಕದವನು ಎತ್ತಿ ಮೂಸಿದರೆ ಮುಗಿಯಿತು. ವೈನು ಚೆನ್ನಾಗಿರಬೇಕು, ಗ್ಲಾಸು ಚೆನ್ನಾಗಿರಬೇಕು, ಕೆಟ್ಟದ್ದು ಮನುಷ್ಯ ಮಾತ್ರ ಎಂದು ನಾಲ್ಕು ಜನ ತಾವಾಗಿಯೇ ತೀರ್ಮಾನಿಸಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಷಡ್ಡಕನಿಗೆ ಒಂದು ಅಭ್ಯಾಸವಿತ್ತು. ಒಂದು ವೈನು ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಮುಂದಿಟ್ಟ ಬಿಳಿ ನ್ಯಾಪ್ಕಿನ್ನಿನಿಂದ ಮೀಸೆ ಒರೆಸಿಕೊಂಡು, ಅದನ್ನೇ ಮೂಗಿಗೆ ಒತ್ತಿ ಉದ್ದಕ್ಕೆ ಉಸಿರೆಳೆಯುತ್ತಿದ್ದ. ಒಗೆದ ಬಟ್ಟೆಯ ಸಪ್ಪೆ ವಾಸನೆಯಿಂದ ಮೂಗು ಮತ್ತೆ ಸ್ವಚ್ಛವಾಗುತ್ತದೆ ಎನ್ನುತ್ತಿದ್ದ. ಆ ದಪ್ಪ ಮೀಸೆಯೋ, ಏನು ಸೋಕಿದರೂ ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳುವಂಥದ್ದು. ನ್ಯಾಪ್ಕಿನ್ನು ಇಡುವವನು ಯಾರು? ವ್ಯವಸ್ಥೆ ನೋಡಿಕೊಳ್ಳುವವನು. ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ನೂರು ನ್ಯಾಪ್ಕಿನ್ನುಗಳ ಜೊತೆ ಲಾಂಡ್ರಿಗೆ. ಜಗತ್ತಿನಲ್ಲಿ ಎಷ್ಟೋ ಅಪರಾಧಿಗಳು ಸಾಕ್ಷಿಯನ್ನು ಸುಡಲು, ಹೂಳಲು ಒದ್ದಾಡಿದ್ದಾರೆ. ಅವನ ಸಾಕ್ಷಿ ತಾನಾಗಿ ಹೋಗಿ ಒಗೆಸಿಕೊಂಡು, ಇಸ್ತ್ರಿಯಾಗಿ ಬರುತ್ತಿತ್ತು.

ಆಮೇಲಿನದನ್ನು ಅವನು ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿಸಿ ನೋಡಿದ. ನಡುವಿನ ಕುರ್ಚಿಯಲ್ಲಿ ಕೂತವನು ಮೊದಲ ಗ್ಲಾಸು ಮೂಸುತ್ತಾನೆ, ಸರಿಯಾಗಿ ಹೇಳುತ್ತಾನೆ. ಮೀಸೆ ಒರೆಸಿಕೊಳ್ಳುತ್ತಾನೆ. ಎರಡನೆಯದಕ್ಕೆ ತಡವರಿಸುತ್ತಾನೆ. ಮೂರನೆಯದು ಪೋರ್ಚುಗಲ್ಲಿನ ಹೆಮ್ಮೆಯ ವೈನು. ಅದನ್ನು ಸಪ್ಪೆ ಎನ್ನುತ್ತಾನೆ. ಅದನ್ನು ಮಾಡಿದವಳು ಎದುರಿಗೇ ಕೂತಿರುತ್ತಾಳೆ. ಉಳಿದ ಪರೀಕ್ಷಕರು ಮುಖ ಮುಖ ನೋಡಿಕೊಳ್ಳುತ್ತಾರೆ. ಆಗ ಹಿಂದೆ ನಿಂತ ಭಾವ ಮೆಲ್ಲಗೆ ಬಗ್ಗಿ, "ಸುಸ್ತಾಗಿದೆಯೇನೋ? ನಾನು ಕೂರಲಾ?" ಎನ್ನುತ್ತಾನೆ. ಕುರ್ಚಿ ಬದಲಾಗುತ್ತದೆ. ಯಾರಿಗೂ ಗಾಯವಿಲ್ಲ, ರಕ್ತವಿಲ್ಲ. ಒಬ್ಬನ ಮೂಗು ಹೋಯಿತು ಎನ್ನುವ ಮಾತು ಮಾತ್ರ ಊರು ತುಂಬುತ್ತದೆ. ಈ ಕಸುಬಿನಲ್ಲಿ ಆ ಮಾತು ಹುಟ್ಟಿದರೆ ಸಾಕು, ಮತ್ತೆ ಸಾಯುವುದಿಲ್ಲ.

ಕಾಲವೂ ಕೂಡಿಬಂತು. ಸ್ಪರ್ಧೆಯ ಸಿದ್ಧತೆಗೆಂದು ಶಾಲೆಗೆ ರಜೆ ಕೊಟ್ಟರು. ಮಗಳ ಹೆರಿಗೆ ಹತ್ತಿರ ಬಂದಿತ್ತೆಂದು ಹೆಂಡತಿ ಅವಳ ಮನೆಗೆ ಹೊರಟಳು. ಬ್ಯಾಗು ಕಾರಿಗಿಡುವಾಗ, "ಊಟ ತಿಂಡಿ ಬಿಡಬೇಡಿ. ಕಿಟಕಿ ಬಾಗಿಲು ಸ್ವಲ್ಪ ತೆಗೆದಿಡಿ," ಎಂದಳು. ಕಾರು ತಿರುವು ದಾಟಿದ ಕೂಡಲೇ ಅವನು ಒಳಗೆ ಬಂದು ಎಲ್ಲ ಕಿಟಕಿಗಳನ್ನೂ ಭದ್ರವಾಗಿ ಹಾಕಿದ. ಗಾಳಿ ಆಡಿದರೆ ಅಳತೆ ತಪ್ಪುತ್ತದೆ.

ಅಡುಗೆಮನೆ ಪ್ರಯೋಗಶಾಲೆಯಾಯಿತು. ಕಂದು ಸೀಸೆಯದು ಸಾಲದೆಂದು ಬೂಷ್ಟು ಹಿಡಿದ ಬಿರಡೆಗಳನ್ನು ಗುಡ್ಡೆ ಹಾಕಿ, ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ ತನ್ನದೇ ಕಷಾಯ ತಯಾರಿಸಿದ. ಸಭಾಂಗಣದಿಂದ ತಂದ ನ್ಯಾಪ್ಕಿನ್ನುಗಳಿಗೆ ಅದನ್ನು ಹನಿಸಿ, ಊಟದ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಹಾಕಿದ. ಬೆಳಿಗ್ಗೆ ಎದ್ದವನೇ ಒಂದೊಂದಾಗಿ ಮೂಗಿಗೆ ಒತ್ತಿಕೊಂಡು, ತನಗೆ ಬಾಯಿಪಾಠವಾಗಿದ್ದ ಒಂದು ಇಟಲಿಯ ವೈನನ್ನು ಮೂಸುತ್ತಿದ್ದ. ಬೇಕಾದದ್ದು ಎರಡೇ: ಬಟ್ಟೆ ನಾರಬಾರದು, ವೈನು ಮಂಕಾಗಬೇಕು.

ಮೊದಮೊದಲು ಬಟ್ಟೆ ನಾರಿತು. ಒಂದೇ ಹನಿಗೆ ಮೂಗು ಸಿಡಿದುಹೋಗುವಂತೆ ನಾರಿತು. ಅವನು ಧೃತಿಗೆಡಲಿಲ್ಲ. ನೀರು ಬೆರೆಸಿದ, ಮತ್ತೆ ಒಣಗಿಸಿದ, ಮತ್ತೆ ಮೂಸಿದ. ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬಟ್ಟೆ ಬರೀ ಬಟ್ಟೆಯ ಹಾಗಿತ್ತು. ವೈನು ಮೂಸಿದ. ಚೆರ್ರಿಯ ಅಂಚು ಸ್ವಲ್ಪ ಸವೆದಂತಿತ್ತು, ಆದರೆ ಪೂರ್ತಿ ಆರಿರಲಿಲ್ಲ. ಅವನಿಗೆ ಮೈ ಜುಂ ಎಂದಿತು. ಚೆನ್ನಾಗಿ ಒಣಗಿದರೆ ವಾಸನೆ ಸಾಯುತ್ತದೆ, ಗುಣ ಉಳಿಯುತ್ತದೆ! ಹಾಗಾದರೆ ಇನ್ನಷ್ಟು ಹನಿಸಬಹುದು. ಹನಿಸಿದ. ಮರುದಿನವೂ ಬಟ್ಟೆಗೆ ವಾಸನೆಯಿಲ್ಲ. ವೈನು ಇನ್ನಷ್ಟು ಮಂಕು. ಇನ್ನೂ ಹನಿಸಿದ. ಕೊನೆಕೊನೆಗೆ ಕಷಾಯದ ಬಟ್ಟಲಿಗೇ ನ್ಯಾಪ್ಕಿನ್ನು ಅದ್ದಿ ತೆಗೆದು ಒಣಗಿಸಿದರೂ ಅವನ ಮೂಗಿಗೆ ಎಳ್ಳಷ್ಟೂ ಮುಗ್ಗಲು ಹತ್ತಲಿಲ್ಲ. ಆ ಇಟಲಿಯ ವೈನು ಮಾತ್ರ ನಲ್ಲಿ ನೀರಿನ ಹಾಗಾಗಿತ್ತು. ಅವನು ಖಾಲಿ ಅಡುಗೆಮನೆಯಲ್ಲಿ ನಿಂತು ನಕ್ಕ. ಇಂಥದ್ದೊಂದನ್ನು ಕಂಡುಹಿಡಿದು ಯಾರಿಗೂ ಹೇಳಲಾಗದೆ ಉಳಿಯಬೇಕಲ್ಲ ಎನ್ನುವುದೊಂದೇ ಅವನಿಗಿದ್ದ ಬೇಸರ.

ನಡುವೆ ಒಮ್ಮೆ ಷಡ್ಡಕ ಫೋನು ಮಾಡಿದ. "ಭಾವ, ರಾತ್ರಿ ನಿದ್ದೆ ಬರ್ತಿಲ್ಲ. ನನಗ್ಯಾಕೋ ಇದು ಬೇಡ ಅನ್ಸುತ್ತೆ. ಅಲ್ಲಿ ಕೂರಬೇಕಾದವರು ನೀವು. ಮಾವನ ಹತ್ರ ಮಾತಾಡ್ಲಾ?"

ದೊಡ್ಡಳಿಯನ ಎದೆಯಲ್ಲಿ ಏನೋ ಒಂದು ಕ್ಷಣ ಸಡಿಲವಾಯಿತು. ಆದರೆ ಬಿಟ್ಟುಕೊಟ್ಟ ಕುರ್ಚಿ! ಭಿಕ್ಷೆಯ ಕುರ್ಚಿ! ಜನ ಏನೆನ್ನುತ್ತಾರೆ? ಚಿಕ್ಕವನು ದೊಡ್ಡ ಮನಸ್ಸು ಮಾಡಿದ ಎನ್ನುತ್ತಾರೆ. ಅದರಲ್ಲೂ ಅವನಿಗೇ ಹೆಚ್ಚು ಅಂಕ.

"ಹುಚ್ಚಪ್ಪ, ಹಾಗೆಲ್ಲ ಅನ್ಬಾರ್ದು," ಎಂದ ದೊಡ್ಡಳಿಯ. "ನೀನು ಕೂರು. ನಾನು ಹಿಂದೆ ಇರ್ತೀನಿ."

ಸ್ಪರ್ಧೆಯ ಬೆಳಿಗ್ಗೆ ಅವನು ಬೇಗ ಎದ್ದು ಕ್ಷೌರ ಮಾಡಿಕೊಂಡ. ಊಟದ ಕೋಣೆಯ ಕುರ್ಚಿಗೆ ನೇತುಹಾಕಿದ್ದ ಕಪ್ಪು ಕೋಟು ಕೊಡವಿ ತೊಟ್ಟ. ಆರಿಸಿದ ನ್ಯಾಪ್ಕಿನ್ನನ್ನು ನೀಟಾಗಿ ಮಡಚಿ ಒಳಜೇಬಿನಲ್ಲಿಟ್ಟ. ಟ್ಯಾಕ್ಸಿಯವನು ಎರಡು ತಿರುವು ದಾಟುವಷ್ಟರಲ್ಲಿ ನಾಲ್ಕೂ ಗಾಜು ಇಳಿಸಿದ. ಬೆಳಗಿನ ತಂಗಾಳಿ ಒಳಗೆ ನುಗ್ಗಿತು. ಒಳ್ಳೆಯ ದಿನಗಳಲ್ಲಿ ಡ್ರೈವರುಗಳು ಕೂಡ ರಸಿಕರಾಗಿರುತ್ತಾರೆ ಎಂದುಕೊಂಡ.

ಸಭಾಂಗಣದ ಬಾಗಿಲಲ್ಲಿ ಕೂತಿದ್ದ ಹೆಂಗಸು ಕೊರಳಿಗೆ ಹಾಕಿಕೊಳ್ಳುವ ಅವನ ಗುರುತಿನ ಚೀಟಿಯನ್ನು ತೋಳು ಪೂರಾ ಚಾಚಿ ಕೊಟ್ಟು ತಟ್ಟನೆ ಹಿಂದೆ ಸರಿದಳು. ಇಷ್ಟು ವರ್ಷದಲ್ಲಿ ಅವಳು ಅಂಥ ಗೌರವ ತೋರಿಸಿದ್ದು ಇದೇ ಮೊದಲು. ಮುಖದ ಮೇಲೆ ಅಧಿಕಾರದ ಕಳೆ ಆಗಲೇ ಬಂದಿರಬೇಕು.

ಒಳಗೆ ಯಾರೂ ಬಂದಿರಲಿಲ್ಲ. ಉದ್ದ ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು. ಪ್ರತಿ ಕುರ್ಚಿಯ ಮುಂದೆ ಸಾಲು ಗ್ಲಾಸು, ಉಗಿಯಲು ಒಂದು ಡಬರಿ, ನೀರು, ಒಣ ಬ್ರೆಡ್ಡು. ಹೂವಿಲ್ಲ, ಊದುಬತ್ತಿಯಿಲ್ಲ, ಅತ್ತರು ಹಾಕಿಕೊಂಡವರಿಗೆ ಪ್ರವೇಶವಿಲ್ಲ. ಈ ನಿಯಮಗಳನ್ನೆಲ್ಲ ಮಾಡಿದವನು ಅವನೇ. ಒಂದೊಂದು ಜಾಗಕ್ಕೂ ತಾನೇ ನ್ಯಾಪ್ಕಿನ್ನು ಇಡುತ್ತ ಹೋದ. ನಡುವಿನ ಕುರ್ಚಿಯ ಹತ್ತಿರ ಬಂದಾಗ ಕೈ ಒಳಜೇಬಿಗೆ ಹೋಯಿತು. ಇಟ್ಟಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಎಲ್ಲ ಒಂದೇ ಬಿಳಿ, ಒಂದೇ ಮಡಿಕೆ. ಇಟ್ಟವನಿಗೇ ವ್ಯತ್ಯಾಸ ತಿಳಿಯದಷ್ಟು ಚೆನ್ನಾಗಿತ್ತು.

ಜನ ಬರತೊಡಗಿದರು. ಪೋರ್ಚುಗಲ್ಲಿನ ವೈನುಗಾರ್ತಿ ಹೊಸ್ತಿಲಲ್ಲೇ ನಿಂತು, ಹುಬ್ಬು ಗಂಟಿಕ್ಕಿ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದಳು. ಅಂಕದ ಭಯ ಎಂಥವರನ್ನೂ ಬಿಡುವುದಿಲ್ಲ. ಪರೀಕ್ಷಕರು ಕೂತರು, ಒಬ್ಬೊಬ್ಬರಾಗಿ ತಮ್ಮ ಗ್ಲಾಸು ಎತ್ತಿ ಖಾಲಿ ಗ್ಲಾಸನ್ನೇ ಮೂಸಿ ಕೆಳಗಿಟ್ಟರು. ಮಾವ ವೇದಿಕೆ ಹತ್ತಿ "ಬಂಧುಗಳೇ" ಎಂದವರು ಮುಂದಿನ ಮಾತು ಮರೆತವರಂತೆ ಸುಮ್ಮನಾದರು. ಕೊನೆಗೆ ಚಿಕ್ಕಳಿಯ ಬಂದ. ಮುಖ ಬಿಳಿಚಿಕೊಂಡಿತ್ತು. ಹಿಂದೆ ನಿಂತ ಭಾವನ ಕಡೆ ತಿರುಗಿ ನಗಲು ಹೋದ. ನಗು ಅರ್ಧಕ್ಕೇ ನಿಂತಿತು. ಕೂತವನು ಅಭ್ಯಾಸಬಲದಿಂದ ನ್ಯಾಪ್ಕಿನ್ನು ಎತ್ತಿ ಮೂಗಿನ ಹತ್ತಿರ ತಂದ.

ತಂದವನು ಹಾವು ಮುಟ್ಟಿದವನಂತೆ ಅದನ್ನು ಮೇಜಿನ ಮೇಲೆ ಬಿಸಾಡಿದ. "ಅಯ್ಯೋ! ಏನಿದು?"

ಮಾವ ಕೆಳಗಿಳಿದು ಬಂದರು. ಬಗ್ಗಿ ಮೂಸುವ ಅಗತ್ಯವೇ ಬೀಳಲಿಲ್ಲ. ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡರು. "ಮುಗ್ಗಲು! ಒಳಗೆ ಬಂದಾಗಿಂದ ಅಂದ್ಕೋತಿದ್ದೀನಿ. ಕಿಟಕಿ ತೆಗೀರಿ, ಎಲ್ಲ ಕಿಟಕಿ ತೆಗೀರಿ. ಈ ಬಟ್ಟೆ ಹೊರಗೆ ಹಾಕಿ."

ಬಟ್ಟೆ ಹೊರಗೆ ಹೋಯಿತು. ಕಿಟಕಿಗಳು ತೆರೆದವು. ದೊಡ್ಡಳಿಯ ಕದಲದೆ ನಿಂತಿದ್ದ. ಹೇಗೆ ತಿಳಿಯಿತು? ಬೆಳಿಗ್ಗೆ ತಾನೇ ಮೂಸಿದ್ದ, ಏನೂ ಇರಲಿಲ್ಲ. ಹೋಗಲಿ, ಯೋಜನೆ ಕೈಕೊಟ್ಟಿತು, ಅಷ್ಟೇ. ಲಾಂಡ್ರಿಯವರ ತಪ್ಪು ಎಂದರಾಯಿತು. ನ್ಯಾಪ್ಕಿನ್ನಿನ ಮೇಲೆ ಯಾರ ಹೆಸರೂ ಬರೆದಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು, "ಲಾಂಡ್ರಿಯವರನ್ನ ವಿಚಾರಿಸ್ತೀನಿ ಮಾವ," ಎಂದ.

ಬಟ್ಟೆ ಹೋದರೂ ಪರೀಕ್ಷಕರು ಮೂಗೆತ್ತಿ ಗಾಳಿ ಹುಡುಕುತ್ತಲೇ ಇದ್ದರು. ಒಂದು ಮೂಗು ತಿರುಗಿತು, ಇನ್ನೊಂದು ತಿರುಗಿತು. ಜಗತ್ತಿನ ನಾಲ್ಕು ಮೂಲೆಗಳಿಂದ ಬಂದ ಅಷ್ಟೂ ಮೂಗುಗಳು ನಿಧಾನವಾಗಿ ನಡುವಿನ ಕುರ್ಚಿಯ ಹಿಂದಕ್ಕೆ ತಿರುಗಿ ನಿಂತವು. ಚಿಕ್ಕಳಿಯ ಎದ್ದು ಹತ್ತಿರ ಬಂದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ಕೋಟಿನ ತೋಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಬಿಟ್ಟ. ತೀರಾ ಸಣ್ಣ ದನಿಯಲ್ಲಿ ಕೇಳಿದ: "ಭಾವ, ನಿಮ್ಮ ಕೋಟು, ಕೈ, ತಲೆಗೂದಲು, ಮೈಯೆಲ್ಲ ಅದೇ ವಾಸನೆ. ನಿಮಗೆ ಬರ್ತಾ ಇಲ್ವಾ?"

ಮೂಗು ಮನೆಯ ನಾಯಿಯಿದ್ದ ಹಾಗೆ. ಹೊಸಬ ಬಂದ ದಿನ ಬೊಗಳಿ ಬೀದಿ ಒಂದು ಮಾಡುತ್ತದೆ. ಅವನು ಅಲ್ಲೇ ಉಳಿದುಬಿಟ್ಟರೆ ನಾಲ್ಕು ದಿನದಲ್ಲಿ ಅವನನ್ನೂ ಮನೆಯವನೆಂದುಕೊಂಡು ಬಾಯಿ ಮುಚ್ಚುತ್ತದೆ. ಶಾಲೆಗೆ ಬಂದವರಿಗೆಲ್ಲ ದೊಡ್ಡಳಿಯ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಇದು. ದಿನಗಟ್ಟಲೆ ಒಂದೇ ವಾಸನೆಯಲ್ಲಿ ಬದುಕಿದವನಿಗೆ ಆ ವಾಸನೆ ಇರುವುದಿಲ್ಲ, ಉಳಿದವರಿಗೆ ಇರುತ್ತದೆ. ಸತ್ತದ್ದು ಬಟ್ಟೆಯ ವಾಸನೆಯಲ್ಲ, ಮಂಕಾದದ್ದು ಇಟಲಿಯ ವೈನೂ ಅಲ್ಲ. ಕಿಟಕಿ ಮುಚ್ಚಿದ ಮನೆಯಲ್ಲಿ ಕೂತು ಅವನು ಬೆಳಿಗ್ಗೆ ಬೆಳಿಗ್ಗೆ ಹನಿ ಹನಿಯಾಗಿ ಆರಿಸಿದ್ದು ತನ್ನದೇ ಮೂಗನ್ನು. ಸಭೆಯೆಲ್ಲ ನೋಡುತ್ತಿದ್ದಂತೆ ಅವನು ಮೆಲ್ಲನೆ ತೋಳೆತ್ತಿ, ಕೋಟಿನ ಬಟ್ಟೆಗೆ ಮೂಗು ಒತ್ತಿ, ಎದೆ ತುಂಬ ಉಸಿರೆಳೆದುಕೊಂಡ. ಏನೂ ಬರಲಿಲ್ಲ.